ಕುಣಿಯುವ ಮಷೀನು ಮತ್ತು ನಾಲ್ಕನೇ ಪಾದ

ವಾಷಿಂಗ್ ಮಷೀನು ಕುಣಿಯುವುದು ಬಟ್ಟೆ ಒಗೆಯುವಾಗ ಅಲ್ಲ, ಹಿಂಡುವಾಗ. ಒಗೆಯುವ ಹೊತ್ತಿನಲ್ಲಿ ಫ್ರಂಟ್ ಲೋಡ್ ಮಷೀನಿನ ಡ್ರಮ್ಮು ನಿಧಾನವಾಗಿ ತಿರುಗುತ್ತ ಬಟ್ಟೆಯನ್ನು ಎತ್ತಿ ಕೆಡವುತ್ತಿರುತ್ತದೆ, ಅಷ್ಟೆ. ಹಿಂಡುವ ಸರದಿ ಬಂತೆಂದರೆ ಅದೇ ಡ್ರಮ್ಮು ನಿಮಿಷಕ್ಕೆ 1200 ಸುತ್ತಿಗೆ ಏರುತ್ತದೆ, ಅಂದರೆ ಸೆಕೆಂಡಿಗೆ 20. ಡ್ರಮ್ಮಿನ ಅಡ್ಡಳತೆ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ಅದರ ಗೋಡೆಗೆ ಅಂಟಿಕೊಂಡ ಬಟ್ಟೆ ಆಗ ತನ್ನ ತೂಕದ ಸುಮಾರು 400 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ಬಟ್ಟೆ ಸುತ್ತಲೂ ಸಮನಾಗಿ ಹರಡಿಕೊಂಡಿದ್ದರೆ ಒಂದು ಕಡೆಯ ಒತ್ತಡಕ್ಕೆ ಎದುರು ಕಡೆಯದು ಸರಿಹೋಗುತ್ತದೆ. ಒಂದೇ ಕಡೆ ಕಾಲು ಕಿಲೋ ಹೆಚ್ಚಾಯಿತೋ, 100 ಕಿಲೋ ತೂಕದಷ್ಟು ಎಳೆತ ಸೆಕೆಂಡಿಗೆ ಇಪ್ಪತ್ತು ಸಲ ಸುತ್ತು ಹಾಕತೊಡಗುತ್ತದೆ. ಅದನ್ನು ತಡೆದುಕೊಳ್ಳಬೇಕಾದ ಮಷೀನಿನ ತೂಕವೇ ಅರವತ್ತು ಎಪ್ಪತ್ತು ಕಿಲೋ!

ಇಷ್ಟಾದರೂ ಮಷೀನು ಮುರಿದು ಬೀಳುವುದಿಲ್ಲ. ಯಾಕೆಂದರೆ ಡ್ರಮ್ಮನ್ನು ಹೊತ್ತಿರುವ ಟಬ್ಬನ್ನು ಹೊರಗಿನ ಪೆಟ್ಟಿಗೆಗೆ ಬಿಗಿದಿಲ್ಲ, ತೂಗುಬಿಟ್ಟಿದ್ದಾರೆ. ಫ್ರಂಟ್ ಲೋಡಿನಲ್ಲಿ ಟಬ್ಬು ಮೇಲಿನಿಂದ ಸ್ಪ್ರಿಂಗುಗಳಲ್ಲಿ ನೇತಾಡುತ್ತದೆ, ಕೆಳಗೆ ಡ್ಯಾಂಪರುಗಳೆಂಬ ಶಾಕ್ ಅಬ್ಸಾರ್ಬರುಗಳು ಅದರ ಓಲಾಟವನ್ನು ಹಿಡಿಯುತ್ತವೆ. ಟಾಪ್ ಲೋಡಿನಲ್ಲಿ ನಾಲ್ಕು ಮೂಲೆಗಳಿಂದ ಇಳಿದ ಸ್ಪ್ರಿಂಗು ರಾಡುಗಳೇ ಟಬ್ಬನ್ನು ಹೊತ್ತಿರುತ್ತವೆ. ಫ್ರಂಟ್ ಲೋಡನ್ನು ಬಿಚ್ಚಿದಾಗ ಟಬ್ಬಿಗೆ ಬಿಗಿದ ಕಾಂಕ್ರೀಟು ಗಟ್ಟಿಯನ್ನು ಕಂಡು ಮೋಸ ಹೋದೆವೆಂದುಕೊಳ್ಳುವವರಿದ್ದಾರೆ. ಮೋಸವೇನೂ ಇಲ್ಲ. ಟಬ್ಬು ಭಾರವಾದಷ್ಟೂ ಅದೇ ಎಳೆತಕ್ಕೆ ಅದು ಕದಲುವುದು ಕಡಿಮೆ.

ಹೀಗೆ ತೂಗುಬಿಡುವುದರ ಹಿಂದೆ ಒಂದು ಹಳೆಯ ಜಗಳವಿದೆ. ತಿರುಗುವ ಯಾವುದೇ ವಸ್ತುವಿಗೂ ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ವಿಪರೀತವಾಗುತ್ತದೆ, ಅದನ್ನು ದಾಟಿ ನೆಮ್ಮದಿಯಾಗಿ ತಿರುಗಿಸುವುದು ಆಗದ ಮಾತು ಎಂದು 1869ರಲ್ಲಿ ರ‍್ಯಾಂಕಿನ್ ಬರೆದಿದ್ದ. ಎಂಜಿನಿಯರಿಂಗಿನಲ್ಲಿ ಅವನದು ದೊಡ್ಡ ಹೆಸರು, ಜನ ನಂಬಿದರು. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಮಾತ್ರ 1880ರ ದಶಕದಲ್ಲಿ ತನ್ನ ಉಗಿ ಟರ್ಬೈನನ್ನು ಬಾಗುವಂಥ ಸಪೂರ ಅಚ್ಚಿನ ಮೇಲೆ ಕೂರಿಸಿ, ಆ ವೇಗವನ್ನು ದಾಟಿಸಿಯೇಬಿಟ್ಟ. ದಾಟಿದ ಮೇಲೆ ಟರ್ಬೈನು ಶಾಂತವಾಗಿ ತಿರುಗಿತು. ಯಾಕೆ ಎಂಬುದನ್ನು ಮುಂದೆ 1919ರಲ್ಲಿ ಜೆಫ್ಕಾಟ್ ಎಂಬ ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದ. ಸ್ವಲ್ಪ ಸಡಿಲ ಬಿಟ್ಟ ವಸ್ತು ಆ ವೇಗ ದಾಟಿದ ಮೇಲೆ ತನ್ನ ಅಚ್ಚಿನ ಸುತ್ತ ತಿರುಗುವ ಹಟ ಬಿಟ್ಟು, ತನ್ನದೇ ಭಾರಕೇಂದ್ರದ ಸುತ್ತ ತಿರುಗತೊಡಗುತ್ತದೆ.

ನಿಮ್ಮ ಮನೆಯ ಮಷೀನು ಪ್ರತಿ ಸಲ ಹಿಂಡುವಾಗಲೂ ಇದೇ ಗಂಡಾಂತರ ದಾಟುತ್ತದೆ. ವೇಗ ಏರುತ್ತಿರುವಾಗ ಕೆಲವು ಸೆಕೆಂಡು ಟಬ್ಬು ಧಡಬಡ ಎನ್ನುತ್ತದೆ, ಆಮೇಲೆ ಸದ್ದು ಒಂದೇ ಸಮನೆ ಗುಂಯ್ ಎನ್ನತೊಡಗುತ್ತದೆ, ಕೊನೆಗೆ ವೇಗ ಇಳಿಯುವಾಗ ಇನ್ನೊಮ್ಮೆ ಧಡಬಡ. ಟಾಪ್ ಲೋಡಿನ ಡ್ರಮ್ಮಿನ ಬಾಯಿಗೆ ಸುತ್ತಿದ ದಪ್ಪ ಪ್ಲಾಸ್ಟಿಕ್ ಬಳೆಯನ್ನು ಗಮನಿಸಿದ್ದೀರಾ? ಅದರೊಳಗೆ ಉಪ್ಪುನೀರಿದೆ. ಆ ವೇಗ ದಾಟಿದ ಮೇಲೆ ನೀರು ತಾನಾಗಿ ಬಟ್ಟೆಯ ಭಾರ ಹೆಚ್ಚಿರುವ ಕಡೆಗೆ ಎದುರಾಗಿ ಸರಿದು ತೂಕ ಸರಿದೂಗಿಸುತ್ತದೆ. ಸೆನ್ಸರಿಲ್ಲ, ಮೋಟರಿಲ್ಲ, ನನಗೆ ಇಡೀ ಮಷೀನಿನಲ್ಲಿ ಅತ್ಯಂತ ಜಾಣತನದ ಭಾಗ ಅದೇ ಅನ್ನಿಸುತ್ತದೆ.

ಒಳಗಿನದು ಅಲ್ಲಾಡಲೇಬೇಕು, ಹೊರಗಿನ ಪೆಟ್ಟಿಗೆ ಕದಲಬಾರದು. ಹೊಸ ಮಷೀನು ತಂದ ದಿನವೇ ಬಡಿದಾಡಿದರೆ ಮೊದಲು ನೋಡಬೇಕಾದದ್ದು ಹಿಂಭಾಗವನ್ನು. ಸಾಗಾಟದಲ್ಲಿ ಟಬ್ಬು ಓಲಾಡದಿರಲೆಂದು ಫ್ರಂಟ್ ಲೋಡಿಗೆ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳನ್ನು ಬಿಗಿದಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಸ್ಪ್ರಿಂಗಿಗೆ ಕೆಲಸವೇ ಇಲ್ಲ, ಎಳೆತವೆಲ್ಲ ನೇರ ಪೆಟ್ಟಿಗೆಗೆ ಬಡಿಯುತ್ತದೆ. ತೆಗೆದ ಬೋಲ್ಟುಗಳನ್ನು ಎಸೆಯಬೇಡಿ, ಮನೆ ಬದಲಿಸುವಾಗ ಬೇಕು.

ಮಷೀನು ಇದ್ದ ಜಾಗ ಬಿಟ್ಟು ನಡೆದು ಬರುವುದಕ್ಕೂ ಲೆಕ್ಕವಿದೆ. ಎಳೆತ ಮೇಲ್ಮುಖವಾದ ಗಳಿಗೆಯಲ್ಲಿ ಪಾದಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಭಾರ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಆಗ ಪಕ್ಕದಿಂದ ಸಣ್ಣ ನೂಕು ಸಿಕ್ಕರೂ ಒಂದು ಕೂದಲೆಳೆಯಷ್ಟು ಜರುಗುತ್ತದೆ. ಸೆಕೆಂಡಿಗೆ ಇಪ್ಪತ್ತು ಕೂದಲೆಳೆ ಅಂದರೆ ಹತ್ತು ನಿಮಿಷಕ್ಕೆ ಎಷ್ಟಾಯಿತು ನೋಡಿ.

ಮೂರು ಕಲ್ಲಿನ ಒಲೆಯ ಮೇಲಿಟ್ಟ ಪಾತ್ರೆ ಎಂಥ ತಗ್ಗುದಿಣ್ಣೆಯ ನೆಲದಲ್ಲೂ ಅಲುಗುವುದಿಲ್ಲ, ಮೂರು ಬಿಂದುಗಳ ಮೇಲೆ ಯಾವಾಗಲೂ ಒಂದು ಸಮತಲ ಕೂರುತ್ತದೆ. ತಕರಾರು ಶುರುವಾಗುವುದು ಮಷೀನಿನ ನಾಲ್ಕನೆಯ ಪಾದದಿಂದ. ನಮ್ಮ ಬಚ್ಚಲು, ಯುಟಿಲಿಟಿಗಳಲ್ಲಿ ಗಾರೆಯವರು ನೀರು ಹರಿಯಲೆಂದು ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಮೀಟರಿಗೆ ಒಂದು ಸೆಂಟಿಮೀಟರ್ ವಾಟವೆಂದರೂ 60 ಸೆಂಟಿಮೀಟರ್ ಅಗಲದ ಮಷೀನಿನ ಎರಡು ಬದಿಗೆ 6 ಮಿಲಿಮೀಟರ್ ವ್ಯತ್ಯಾಸ. ಮೇಲಾಗಿ ಮೋರಿಯ ಬಾಯಿಯ ಹತ್ತಿರ ನೆಲ ಎರಡು ದಿಕ್ಕಿನಿಂದ ಇಳಿದಿರುತ್ತದೆ. ಅಲ್ಲಿ ಮೂರು ಪಾದ ಊರಿದರೆ ನಾಲ್ಕನೆಯದು ತೇಲುತ್ತಿರುತ್ತದೆ.

ಸರಿಪಡಿಸುವುದಕ್ಕೆ ಮಷೀನು ನಿಲ್ಲಬೇಕಾದ ಜಾಗದಲ್ಲೇ ನಿಂತಿರಬೇಕು, ಒಂದು ಗೇಣು ಸರಿಸಿದರೂ ಲೆಕ್ಕ ಕೆಡುತ್ತದೆ. ಪ್ಲಗ್ ಕಿತ್ತು, ಇನ್ನೊಬ್ಬರಿಂದ ಸ್ವಲ್ಪ ವಾಲಿಸಿ ಹಿಡಿಸಿ, ತಿರುಗುವ ಪಾದಗಳನ್ನೆಲ್ಲ ಪೂರ್ತಿ ಒಳಕ್ಕೆ ಹಾಕಿ. ಆಮೇಲೆ ತಗ್ಗಿನ ಕಡೆಯದನ್ನಷ್ಟೇ ಬೇಕಾದಷ್ಟು ಇಳಿಸಿ. ಪಾದ ಉದ್ದವಾದಷ್ಟೂ ಅದು ಬಾಗುವುದು ಹೆಚ್ಚು. ಮೇಲೆ ರಸಮಟ್ಟವಿಟ್ಟು ಅಡ್ಡಕ್ಕೂ ಉದ್ದಕ್ಕೂ ನೋಡಬೇಕು ನಿಜ, ಆದರೆ ನಾನು ಹೆಚ್ಚು ನಂಬುವುದು ಅಂಗೈಯನ್ನು. ಎದುರುಬದುರಿನ ಎರಡು ಮೂಲೆಗಳನ್ನು ಒಂದಾದ ಮೇಲೊಂದು ಜೋರಾಗಿ ಒತ್ತಿ. ಟಕ್ ಎಂದರೆ ಒಂದು ಪಾದ ತೇಲುತ್ತಿದೆ. ಒಂದೆರಡು ಮಿಲಿಮೀಟರ್ ಓರೆಯನ್ನು ಮಷೀನು ಸಹಿಸೀತು, ತೇಲುವ ಪಾದವನ್ನು ಸಹಿಸದು. ಕೊನೆಗೆ ಪಾದದ ತಿರುಪಿನಲ್ಲಿರುವ ಲಾಕ್ ನಟ್ಟನ್ನು ಸ್ಪ್ಯಾನರಿನಿಂದ ಪೆಟ್ಟಿಗೆಯ ತಳಕ್ಕೆ ಬಿಗಿಯಾಗಿ ಏರಿಸಬೇಕು. ಇದನ್ನು ಬಿಡುವವರೇ ಹೆಚ್ಚು. ಬಿಟ್ಟರೆ ನಡುಕಕ್ಕೆ ಪಾದ ತಾನೇ ತಿರುಗಿ ಒಳಸೇರುತ್ತದೆ, ತಿಂಗಳಲ್ಲಿ ಮತ್ತದೇ ಕುಣಿತ.

ಚಕ್ರವಿರುವ ಸ್ಟ್ಯಾಂಡು ನನಗೆ ಹಿಡಿಸುವುದಿಲ್ಲ. ನೆಲ ಒರೆಸಲು ಅನುಕೂಲ, ಹಿಂಡುವಾಗ ಅಪಾಯ. ಪಾದದಡಿಯ ರಬ್ಬರ್ ಬಿಲ್ಲೆಗಳು ತೆಳ್ಳಗೆ ಗಟ್ಟಿಯಾಗಿದ್ದರೆ ಜಾರುವುದನ್ನು ತಡೆಯುತ್ತವೆ, ದಪ್ಪಗೆ ಮೆತ್ತಗಿದ್ದರೆ ಓಲಾಟ ಹೆಚ್ಚಿಸುತ್ತವೆ.

ಇನ್ನು ಬಟ್ಟೆ. ಒಂದೇ ಒಂದು ರಗ್ಗನ್ನೋ ಕಾಲೊರಸನ್ನೋ ಹಾಕಿದರೆ ಅದಕ್ಕೆ ಎದುರು ತೂಕವೇ ಇಲ್ಲ. ಡಿಸ್‌ಪ್ಲೇಯಲ್ಲಿ ಕೊನೆಯ ಕೆಲವು ನಿಮಿಷಗಳು ಮುಗಿಯದೆ, ಡ್ರಮ್ಮು ಹಿಂದೆ ಮುಂದೆ ತಿರುಗುತ್ತಲೇ ಇರುವುದು ಅದಕ್ಕೇ; ಮೋಟರಿನ ವೇಗದ ಏರುಪೇರಿನಿಂದಲೇ ಅಸಮತೋಲ ತಿಳಿದುಕೊಂಡು ಬಟ್ಟೆಯನ್ನು ಹರಡಲು ನೋಡುತ್ತಿರುತ್ತದೆ. ಆಗದಿದ್ದರೆ ಕಡಿಮೆ ವೇಗದಲ್ಲಿ ಹಿಂಡಿ ಕೈಬಿಡುತ್ತದೆ. ವೇಗ ಅರ್ಧವಾದರೆ ಎಳೆತ ಕಾಲುಭಾಗಕ್ಕೆ ಇಳಿಯುತ್ತದಲ್ಲ. ರಗ್ಗಿನ ಜೊತೆಗೆ ನಾಲ್ಕು ಟವೆಲು ಹಾಕಿದರೆ ತಾಪತ್ರಯ ತಪ್ಪಿತು. ಮಳೆಗಾಲದ ರೇನ್‌ಕೋಟು ಮಾತ್ರ ಬೇಡವೇ ಬೇಡ. ಅದರ ಮಡಿಕೆಯಲ್ಲಿ ಲೀಟರುಗಟ್ಟಲೆ ನೀರು ನಿಂತು, ಪೂರ್ಣ ವೇಗದಲ್ಲಿದ್ದಾಗ ಒಮ್ಮೆಲೇ ಒಂದು ಕಡೆ ಚೆಲ್ಲಿಕೊಂಡರೆ ಟಬ್ಬು ಪೆಟ್ಟಿಗೆಯನ್ನೇ ಸೀಳಬಹುದು.

ಪಾದವೂ ಬಟ್ಟೆಯೂ ಸರಿಯಿದ್ದು ಹಳೆಯ ಮಷೀನು ಕುಣಿದರೆ ಟಬ್ಬನ್ನು ಕೈಯಿಂದ ಒತ್ತಿ ಬಿಟ್ಟು ನೋಡಿ. ಮೇಲೆದ್ದು ನಿಂತರೆ ಸರಿ. ತೊನೆದಾಡುತ್ತಲೇ ಇದ್ದರೆ ಡ್ಯಾಂಪರೋ ರಾಡೋ ಸವೆದಿದೆ, ಬದಲಿಸಿದರೆ ಮುಗಿಯಿತು. ಟಬ್ಬು ಗಟ್ಟಿಯಾಗಿದ್ದು ಒಳಗಿನ ಡ್ರಮ್ಮೊಂದೇ ಕೈಗೆ ಲಟಲಟ ಅಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಅಲ್ಯೂಮಿನಿಯಂ ಅಡ್ಡೆ ತುಕ್ಕು ತಿಂದಿದೆ. ಸೋಪಿನ ಗಷ್ಟು ಕೂತ ಕಡೆ, ಸ್ಟೀಲಿಗೆ ತಾಗಿಕೊಂಡ ಅಲ್ಯೂಮಿನಿಯಂ ಬೇಗ ಕರಗುತ್ತದೆ. ಆ ತೋಳು ಮುರಿಯುವುದು ಹಿಂಡುವ ವೇಗದಲ್ಲೇ. ಹಾಗಾಗಿ ಮೆಕ್ಯಾನಿಕ್ ಬಂದು ನೋಡುವ ತನಕ ಅಂಥ ಮಷೀನಿನಲ್ಲಿ ಬಟ್ಟೆ ಹಿಂಡಬೇಡಿ.