ಖಾಲಿ ತೋಟಾ ಎಸೆಯುವ ಮುನ್ನ

ಕೊಡಗಿನಲ್ಲಿ ಕೈಲ್‌ಪೊಳ್ದ್, ಮಲೆನಾಡಿನ ಉಳಿದೆಡೆ ಆಯುಧಪೂಜೆ ಬಂತೆಂದರೆ ಗೋಡೆಯ ಮೇಲಿನ ಕೋವಿ ಕೆಳಗಿಳಿಯುತ್ತದೆ. ನಳಿಗೆ ಒರೆಸಿ, ಎಣ್ಣೆ ಹಾಕಿ, ಹೂವಿಟ್ಟು ಪೂಜಿಸುತ್ತೇವೆ. ಆದರೆ ಬೆಳೆಗೆ ಬಂದ ಪ್ರಾಣಿಯನ್ನು ಬೆದರಿಸಲು ಒಂದು ಈಡು ಹಾರಿಸಿದ ಮೇಲೆ ಖಾಲಿ ತೋಟಾವನ್ನು ತಿರುಗಿಸಿ ನೋಡುವವರು ನಮ್ಮಲ್ಲಿ ಕಡಿಮೆ. ಕೋವಿಯೊಳಗೆ ಏನು ನಡೆಯಿತೆಂಬುದಕ್ಕೆ ಅದೇ ಸಾಕ್ಷಿ. ಆ ಸಾಕ್ಷಿಯನ್ನು ಓದುವುದು ಹೇಗೆ, ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಪಿನ್ನು ಕೇಪಿಗೆ ಬಡಿದೊಡನೆ ಮದ್ದು ಉರಿದು ಅನಿಲವಾಗುತ್ತದೆ. ಅದರ ಒತ್ತಡಕ್ಕೆ ತೋಟಾ ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಂಡು, ಅನಿಲ ನಮ್ಮ ಮುಖದ ಕಡೆಗೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಒತ್ತಡ ಮಿತಿ ಮೀರಿದರೆ ಅದರ ಗುರುತು ಕೇಪಿನ ಮೇಲೂ ಬುಡದ ಮೇಲೂ ಉಳಿಯಬಹುದು.

ಹಗಲು ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು, ಗಮನಿಸಬೇಕಾದ ಅಂಶಗಳು ಇವು:

1. ಕೇಪು: ಸರಿಯಾದ ಕೇಪಿನ ಅಂಚು ಗುಂಡಗಿದ್ದು, ನಡುವೆ ನುಣುಪಾದ ಗುಳಿ ಇರುತ್ತದೆ. ಅಂಚು ಚಪ್ಪಟೆಯಾಗಿದ್ದರೆ, ಗುಳಿಯ ಸುತ್ತ ದಿಬ್ಬ ಎದ್ದಿದ್ದರೆ, ಕೇಪು ತೂತಾಗಿದ್ದರೆ, ಸುತ್ತಲೂ ಮಸಿ ಹಿಡಿದಿದ್ದರೆ ಎಚ್ಚರಿಕೆ ಬೇಕು. ಆದರೆ ಪಿನ್ನು ಚೂಪಾಗಿದ್ದರೂ ಕೇಪು ತೂತಾಗುತ್ತದೆ; ಮೆತ್ತನೆಯ ಕೇಪು ಬೇಗ ಚಪ್ಪಟೆಯಾಗುತ್ತದೆ. ಕೇಪು ಹಿಂದಕ್ಕೆ ಎದ್ದು ನಿಂತಿದ್ದರೆ ಕೋವಿಯ ಬಾಯಿ ಸಡಿಲವಾಗಿ, ತೋಟಾದ ಹಿಂದೆ ಸಂದು ಬಿದ್ದಿರಬಹುದು.

2. ಬುಡ: ಹೊಸ ತೋಟಾದ ಪಕ್ಕದಲ್ಲಿಟ್ಟು ಹೋಲಿಸಿರಿ. ಒಂದು ಕಡೆ ಉಬ್ಬಿರುವುದು, ಉದ್ದಕ್ಕೆ ಸೀಳಿರುವುದು, ಬುಡ ಬೇರ್ಪಡಲು ಹೊರಟಿರುವುದು ಇವೆಲ್ಲ ಕೆಟ್ಟ ಲಕ್ಷಣಗಳು.

3. ಹೊರಬರುವ ರೀತಿ: ತೋಟಾವನ್ನು ಕಡ್ಡಿಯಿಂದ ತಳ್ಳಿ ತೆಗೆಯಬೇಕಾಯಿತೇ? ಮಳೆಗಾಲದ ತುಕ್ಕಿನಿಂದಲೂ ಹೀಗಾಗುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿ ಮರಳಿ ತಂದ ಕೋವಿಯನ್ನು ಮೊದಲು ಚೆನ್ನಾಗಿ ಒರೆಸಬೇಕು. ಒರೆಸಿದ ಮೇಲೂ ಕಚ್ಚಿದರೆ ಒತ್ತಡದ ಮೇಲೆ ಅನುಮಾನಪಡಬೇಕು.

4. ಬಾಯಿ: ತೋಟಾದ ಬಾಯಿಯ ಅಂಚು ಹರಿದು ಚಿಂದಿಯಾಗಿದ್ದರೆ ತೋಟಾ ಚೇಂಬರಿಗಿಂತ ಉದ್ದವಾಗಿರಬಹುದು.

ಈ ಕೊನೆಯ ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 12 ಬೋರಿನ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಹಲವದರ ಚೇಂಬರು ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್ ಉದ್ದ. ಇಂದು ಬಹಳವಾಗಿ ಸಿಗುವ ತೋಟಾ 70 ಮಿಲಿಮೀಟರಿನದು. ಈ ಅಳತೆ ಹಾರಿಸಿದ ನಂತರ, ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಆದುದರಿಂದ ಹಾರಿಸದ 70ರ ತೋಟಾ 65ರ ಚೇಂಬರಿನಲ್ಲಿ ಏನೂ ತೊಡಕಿಲ್ಲದೆ ಕೂರುತ್ತದೆ. ಹಾರಿಸಿದಾಗ ಮಾತ್ರ ಅದರ ಬಾಯಿ ನಳಿಗೆ ಕಿರಿದಾಗುವ ಜಾಗದಲ್ಲಿ ಬಿಚ್ಚಿಕೊಂಡು, ಚರೆಯ ದಾರಿ ಬಿಗಿಯಾಗಿ ಒತ್ತಡ ಏರುತ್ತದೆ. ‘ಒಳಗೆ ಕೂತಿತು, ಆದ್ದರಿಂದ ಸರಿ’ ಎಂಬ ಲೆಕ್ಕ ಇಲ್ಲಿ ನಡೆಯದು. ನಳಿಗೆಯ ಅಡಿಯ ಗುರುತು ನೋಡಿರಿ. ಗುರುತಿಲ್ಲದಿದ್ದರೆ ಅಳತೆ ಮಾಡಿಸಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಗುರುತು ಕಂಡರೆ ಅಪಾಯವಿರಬಹುದೆಂದು ನಿಲ್ಲಿಸಬೇಕು, ನಿಜ. ಆದರೆ ಗುರುತಿಲ್ಲವೆಂದರೆ ಅಪಾಯವಿಲ್ಲವೆಂದಲ್ಲ. ಅಮೆರಿಕದ ತಯಾರಕರು ಒಪ್ಪಿರುವ ಮಿತಿಯಂತೆ .357 ಮ್ಯಾಗ್ನಂ ರಿವಾಲ್ವರಿನ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡು. 70ರ ತೋಟಾ ಹಾಕುವ 12 ಬೋರಿನದು 11,500 ಮಾತ್ರ. ರಿವಾಲ್ವರಿನ ಒತ್ತಡವನ್ನು ಹಿತ್ತಾಳೆ ತಡೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಕೋವಿಯ ನಳಿಗೆ ಮಿತಿ ಮೀರಿ ಬಳಲುತ್ತಿರುವಾಗಲೂ ತೋಟಾದ ಬುಡ ಸುಮ್ಮನಿರಬಹುದು. ರಿವಾಲ್ವರಿನ ಖಾಲಿ ತೋಟಾಗಳನ್ನು ಮನೆಯಲ್ಲೇ ಮರುತುಂಬುವ ಅಮೆರಿಕದ ಹವ್ಯಾಸಿಗಳಿಗೂ ಅಲ್ಲಿನ ಕೈಪಿಡಿಗಳು ಹೇಳುವುದು ಇದನ್ನೇ: ಅಳತೆಗೆ ಅಚ್ಚಾದ ಪಟ್ಟಿಯನ್ನು ನಂಬಿರಿ, ಕೇಪಿನ ಆಕಾರವನ್ನಲ್ಲ.

ಹಿರಿಯರ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೋಟಾ, ಮದ್ದಿನ ಅಳತೆಪಾತ್ರೆ ಇದ್ದರೆ ನೆನಪಿಗೆಂದು ಇಟ್ಟುಕೊಳ್ಳಿರಿ. ಆ ಪಾತ್ರೆ ಕರಿಮದ್ದಿಗೆ ಮಾಡಿದ್ದು. ಅದೇ ಅಳತೆಯಲ್ಲಿ ಹೊಗೆಯಿಲ್ಲದ ಮದ್ದು ತುಂಬಿದರೆ ನಳಿಗೆ ಸಿಡಿಯಬಹುದು. ಹೆಣೆದ ಉಕ್ಕಿನ ಹಳೆಯ ಡಮಾಸ್ಕಸ್ ನಳಿಗೆಯಾದರಂತೂ ಹೇಳುವುದೇ ಬೇಡ. ಅಲ್ಲದೆ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಗೆ ವಿರುದ್ಧ.

ಗುರುತು ಕಂಡರೆ ಏನು ಮಾಡಬೇಕು? ಕೂಡಲೇ ಕೋವಿಯನ್ನು ಖಾಲಿ ಮಾಡಿ, ಆ ಪೆಟ್ಟಿಗೆಯ ತೋಟಾಗಳನ್ನು ಬದಿಗಿಡಿರಿ. ಜೋಡುನಳಿಗೆಯಾದರೆ ಖಾಲಿ ತೋಟಾದ ಮೇಲೆ ‘ಎಡ’, ‘ಬಲ’ ಎಂದು ಬರೆಯಿರಿ. ಒಂದೇ ನಳಿಗೆಯ ತೋಟಾಗಳಲ್ಲಿ ಗುರುತಿದ್ದರೆ ದೋಷ ಬಹುಶಃ ಕೋವಿಯದು. ಎರಡರಲ್ಲೂ ಇದ್ದರೆ ತೋಟಾದ ಮೇಲೆ ಸಂಶಯ ಹೆಚ್ಚು. ಎರಡನ್ನೂ ಲೈಸೆನ್ಸ್ ಹೊಂದಿದ ಕೋವಿ ರಿಪೇರಿಯವರಿಗೆ ತೋರಿಸಿದ ಮೇಲೆಯೇ ಮತ್ತೆ ಹಾರಿಸತಕ್ಕದ್ದು. ಸದ್ದು ಎಂದಿಗಿಂತ ಸಣ್ಣದಾಗಿ ಬಂದರೂ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯೊಳಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಬೇಕು.

ಸರಿಯಾಗಿ ಹಾರಿದ ಒಂದು ಖಾಲಿ ತೋಟಾವನ್ನು ಮಾದರಿಗಾಗಿ ಕೋವಿಯ ಚೀಲದಲ್ಲಿಟ್ಟುಕೊಂಡು, ಮುಂದಿನ ಪ್ರತಿಯೊಂದನ್ನೂ ಅದರೊಡನೆ ಹೋಲಿಸುವ ರೂಢಿ ಮಾಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಒಂದು ನಿಮಿಷದ ಈ ಕೆಲಸ ಕೈಯನ್ನೂ ಕಣ್ಣನ್ನೂ ಉಳಿಸಬಲ್ಲುದು.