ಇಪ್ಪತ್ತೆಂಟರ ಇಸ್ಪೀಟಾಟ: ಅಂಕಪದ್ಧತಿಯ ಭೇದಗಳು ಮತ್ತು ಮನೆಕಟ್ಟಳೆಗಳು

ದಕ್ಷಿಣ ಭಾರತದ ಇಸ್ಪೀಟಾಟಗಳಲ್ಲಿ ‘ಇಪ್ಪತ್ತೆಂಟು’ ವಿಶಿಷ್ಟವಾದುದು. ಕೇರಳದಲ್ಲಿ ಅತ್ಯಂತ ವ್ಯಾಪಕವಾಗಿರುವ ಈ ಆಟ ಕರ್ನಾಟಕದ ಕರಾವಳಿಯಲ್ಲಿಯೂ ಬಳಕೆಯಲ್ಲಿದೆ. ಇದರ ಕಟ್ಟಳೆಗಳು ಪುಸ್ತಕದಿಂದ ಬಂದವುಗಳಲ್ಲ. ಆಡುವವರಿಂದ ಆಡುವವರಿಗೆ ದಾಟಿ ಬಂದವು. ಆದ್ದರಿಂದಲೇ ಒಂದು ಮನೆಯ ಲೆಕ್ಕ ಮತ್ತೊಂದು ಮನೆಗೆ ಒಪ್ಪಿಗೆಯಾಗದಿರುವುದು ಸಾಮಾನ್ಯ. ಆಟಗಳನ್ನು ದಾಖಲಿಸುವಾಗ ಇಂತಹ ಭೇದಗಳನ್ನು ಅಪಭ್ರಂಶವೆಂದು ಬದಿಗಿರಿಸಿ, ಒಂದು ‘ಶುದ್ಧ’ ಪಾಠವನ್ನು ಮುಂದಿಡುವ ಪ್ರವೃತ್ತಿ ಸುಲಭವಾಗಿ ಬೆಳೆಯುತ್ತದೆ. ಇಪ್ಪತ್ತೆಂಟರ ಮಟ್ಟಿಗೆ ಈ ಕ್ರಮ ಹಾನಿಕರ. ಬದಿಗೆ ಸರಿಸಲ್ಪಡುವ ಕಟ್ಟಳೆಗಳಲ್ಲಿಯೇ ಆಟದ ಹಳೆಯ ಪದರಗಳು ಉಳಿದಿರುವ ಸಾಧ್ಯತೆಯಿದೆ.

ಆಟದ ಚೌಕಟ್ಟು ಸರಳ. ನಾಲ್ವರು ಎದುರುಬದುರು ಜೊತೆಗಾರರಾಗಿ ಎರಡು ಪಕ್ಷಗಳಲ್ಲಿ ಕುಳಿತುಕೊಳ್ಳುತ್ತಾರೆ. ಬಳಸುವ ಎಲೆಗಳು 32. ಪ್ರತಿ ಜಾತಿಯಲ್ಲಿ ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು ಎಂಬುದು ಬಲದ ಇಳಿಕೆಯ ಕ್ರಮ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1 ಅಂಕ, ಉಳಿದವುಗಳಿಗೆ ಅಂಕವಿಲ್ಲ. ಜಾತಿಯೊಂದಕ್ಕೆ 7ರಂತೆ ಒಟ್ಟು 28. ಮೊದಲ ನಾಲ್ಕು ಎಲೆಗಳನ್ನು ಹಂಚಿದೊಡನೆ, ತಮ್ಮ ಪಕ್ಷ ಎಷ್ಟು ಅಂಕ ಗಳಿಸಬಲ್ಲುದೆಂದು ಆಟಗಾರರು ಕೂಗುತ್ತಾರೆ. ಹೆಚ್ಚಿಗೆ ಕೂಗಿದವನು ತುರುಫಿನ ಎಲೆಯೊಂದನ್ನು ಮುಚ್ಚಿ ಇಡುತ್ತಾನೆ. ಅನಂತರ ಇನ್ನು ನಾಲ್ಕು ಎಲೆಗಳ ಹಂಚಿಕೆ, ಎಂಟು ಸುತ್ತುಗಳ ಆಟ.

ಇಲ್ಲಿ ಒಂದು ಸಂಗತಿ ಕುತೂಹಲಕರವಾಗಿದೆ. ಎಕ್ಕಕ್ಕೂ ಹತ್ತಕ್ಕೂ ಒಂದೇ ಅಂಕವಿರುವಾಗ, ರಾಜ ರಾಣಿಯರಿಗೆ ಅಂಕವೇ ಇಲ್ಲದಿರುವಾಗ, ಅವುಗಳ ನಡುವೆ ಮೇಲುಕೀಳಿನ ಈ ಕ್ರಮ ಏಕೆ? ಶ್ರೀಲಂಕಾ ಮತ್ತು ತಮಿಳುನಾಡುಗಳಲ್ಲಿರುವ ‘ಮುನ್ನೂರ ನಾಲ್ಕು’ ಎಂಬ ಆಟ ಇದಕ್ಕೆ ಬೆಳಕು ಚೆಲ್ಲುತ್ತದೆ. ಅದರಲ್ಲಿ ಗುಲಾಮ 30, ಒಂಬತ್ತು 20, ಎಕ್ಕ 11, ಹತ್ತು 10, ರಾಜ 3, ರಾಣಿ 2. ಜಾತಿಯೊಂದಕ್ಕೆ 76, ಒಟ್ಟು 304. ಬಿಡಿಸ್ಥಾನವನ್ನು ಕೈಬಿಟ್ಟು ಹತ್ತರ ಸ್ಥಾನವನ್ನಷ್ಟೇ ಇರಿಸಿಕೊಂಡರೆ 3, 2, 1, 1 ಎಂಬ ಇಪ್ಪತ್ತೆಂಟರ ಅಂಕಗಳೇ ದೊರೆಯುತ್ತವೆ. ಇದು ಊಹೆಯೇ ಹೌದಾದರೂ ಬಲವಾದ ಊಹೆ. ದಕ್ಷಿಣ ಆಫ್ರಿಕಾದ ಡರ್ಬನ್ ಸುತ್ತಿನ ಭಾರತೀಯ ಮೂಲದವರು ಆಡುವ ‘ತುನ್ನಿ’ಯಲ್ಲಿಯೂ ಇದೇ 304ರ ಲೆಕ್ಕವಿದೆ. ಅಲ್ಲಿಗೆ ಕರಾರು ಕೂಲಿಗಳ ವಲಸೆ 1860ರಲ್ಲಿ ಆರಂಭವಾಯಿತು.

ಗುಲಾಮ ಮತ್ತು ಒಂಬತ್ತಕ್ಕೆ ಅಗ್ರಸ್ಥಾನ ನೀಡುವುದು ಯುರೋಪಿನ ಯಾಸ್ ಕುಟುಂಬದ ಆಟಗಳ ಲಕ್ಷಣ. ಆದರೆ ಅಲ್ಲಿ ಈ ಹಿರಿಮೆ ತುರುಫಿನ ಜಾತಿಗೆ ಮಾತ್ರ ಮೀಸಲು. ಇಲ್ಲಿ ನಾಲ್ಕೂ ಜಾತಿಗಳಿಗೆ ಹರಡಿದೆ. ಕಳಾವರ, ಆಟೀನು, ತುರುಫು ಎಂಬ ಪದಗಳಲ್ಲಿ ಡಚ್ಚರ ಛಾಯೆ ಸ್ಪಷ್ಟವಾಗಿದ್ದರೂ, ಪದಗಳು ಬಂದ ಹಾದಿಯಲ್ಲಿಯೇ ಈ ಆಟವೂ ಬಂದಿತೆನ್ನುವುದು ಅವಸರದ ತೀರ್ಮಾನವಾದೀತು.

ಈ ಹಿನ್ನೆಲೆಯಲ್ಲಿ ಎರಡು ಮನೆಕಟ್ಟಳೆಗಳನ್ನು ಪರಿಶೀಲಿಸಬಹುದು. ಕೆಲವರು ಕೊನೆಯ ಸುತ್ತನ್ನು ಗೆದ್ದವರಿಗೆ 1 ಅಂಕ ಹೆಚ್ಚಿಗೆ ಕೊಡುತ್ತಾರೆ. ಬಂಗಾಳ ಮತ್ತು ಬಾಂಗ್ಲಾದೇಶಗಳಲ್ಲಿ ಆಟದ ಹೆಸರೇ ‘ಇಪ್ಪತ್ತೊಂಬತ್ತು’. ಈ ಅಂಕವನ್ನು ಎಣಿಸದವರೂ ಅದೇ ಹೆಸರನ್ನು ಉಳಿಸಿಕೊಂಡಿದ್ದಾರೆ. ಎರಡನೆಯದು ಜೋಡಿಯ ಕಟ್ಟಳೆ. ತುರುಫಿನ ರಾಜ ರಾಣಿಯರಿಬ್ಬರೂ ಕೂಗಿದ ಪಕ್ಷದ ಒಬ್ಬನ ಕೈಯಲ್ಲಿದ್ದರೆ ಗುರಿ 4 ಅಂಕ ಇಳಿಯುತ್ತದೆ. ಎದುರು ಪಕ್ಷದವನಲ್ಲಿದ್ದರೆ 4 ಏರುತ್ತದೆ. ಇವೆರಡೂ ತಡವಾಗಿ ಸೇರಿಕೊಂಡ ಅಲಂಕಾರಗಳಂತೆ ತೋರುತ್ತವೆ. ಆದರೆ ಯಾಸ್ ಕುಟುಂಬದ ಡಚ್ ಆಟ ಕ್ಲಾವರ್‌ಯಾಸ್‌ನಲ್ಲಿ ಕೊನೆಯ ಸುತ್ತಿಗೆ 10, ತುರುಫಿನ ರಾಜ ರಾಣಿಯರ ಜೋಡಿಗೆ 20 ಅಂಕಗಳಿವೆ. ತುನ್ನಿಯಲ್ಲಿಯೂ ‘ಜೋಡಿ’ ಎಂಬ ಹೆಸರಿನಲ್ಲಿಯೇ ಇದು ಕಾಣಬರುತ್ತದೆ. ಹೀಗಿರುವಾಗ, ಇವನ್ನು ಬಿಟ್ಟು ಬರೆದ ‘ಶುದ್ಧ’ ಪಾಠವೇ ಈಚಿನದಾಗಿರಬಹುದಲ್ಲವೆ?

ಕೂಗಿನ ಕನಿಷ್ಠ ಮಿತಿಯಲ್ಲಿಯೂ ಭೇದವಿದೆ. 14ರಿಂದ ಆರಂಭಿಸುವಲ್ಲಿ ಅಂಕಗಳು ಸಮನಾದರೆ ಗೆಲುವು ಕೂಗಿದವರದು. 15ರಿಂದ ಆರಂಭಿಸುವಲ್ಲಿ ಸಮಪಾಲು ಸಾಲದು. ಗೆದ್ದರೆ 1, ಸೋತರೆ 2 ಎಂಬ ಲೆಕ್ಕವಿರುವೆಡೆ, ಮೂರು ಕೂಗುಗಳಲ್ಲಿ ಎರಡನ್ನಾದರೂ ಗೆಲ್ಲದವನಿಗೆ ನಷ್ಟವೇ. ಆದುದರಿಂದ ಅಲ್ಲಿ ಕೂಗು ಜಾಗರೂಕವಾಗುತ್ತದೆ. ಗೆಲುವು ಸೋಲುಗಳಿಗೆ ಸಮಾನ ಅಂಕವಿರುವೆಡೆ ಧಾರಾಳತನ ಹೆಚ್ಚು. ಎಣಿಕೆಯ ಗುರುತುಗಳೆಲ್ಲವನ್ನೂ ಕಳೆದುಕೊಂಡವರ ಕಿವಿಗೆ ‘ಕುಣುಕ್ಕು’ ಎಂಬ ಓಲೆಯನ್ನು ತೂಗುಹಾಕುವ ಕೇರಳದ ರೂಢಿಯೂ ಅಂಕಪದ್ಧತಿಯ ಅಂಗವೇ. ಹಣವಿಲ್ಲದ ಆಟದಲ್ಲಿ ಪಣವಾಗಿರುವುದು ಮಾನ.

ಮುಚ್ಚಿದ ತುರುಫಿನ ವಿಷಯದಲ್ಲಿ ಕಟ್ಟಳೆಗಳ ಭೇದ ಇನ್ನೂ ಸೂಕ್ಷ್ಮ. ಇಳಿದ ಜಾತಿಯ ಎಲೆ ಇಲ್ಲದವನು ತುರುಫನ್ನು ತೋರಿಸುವಂತೆ ಕೇಳಬಹುದು. ಅದು ಬಯಲಾಗುವ ಮುನ್ನ ಇಳಿಸಿದ ತುರುಫಿನ ಎಲೆಗೆ ವಿಶೇಷ ಬಲವಿರುವುದಿಲ್ಲ. ಕೇಳಿದವನು ತುರುಫನ್ನೇ ಇಳಿಸತಕ್ಕದ್ದೆಂಬುದು ಒಂದು ಮನೆಯ ನಿಯಮ; ಯಾವ ಎಲೆಯನ್ನಾದರೂ ಇಳಿಸಬಹುದೆಂಬುದು ಮತ್ತೊಂದರದು. ಮೊದಲನೆಯದರಲ್ಲಿ ಜೊತೆಗಾರ ಗೆಲ್ಲುತ್ತಿರುವ ಸುತ್ತನ್ನು ತಾನೇ ಕತ್ತರಿಸಬೇಕಾದ ಭಯವಿರುವುದರಿಂದ ಕೇಳುವವನು ಹಿಂಜರಿಯುತ್ತಾನೆ. ತುರುಫು ಬಹುಕಾಲ ಮುಚ್ಚಿಯೇ ಉಳಿಯುತ್ತದೆ. ಜೋಡಿಯನ್ನು ತುರುಫು ಬಯಲಾದ ಮೇಲೆಯೇ ಸಾರಬೇಕಾದುದರಿಂದ, ಅಂತಹ ಮನೆಯಲ್ಲಿ ಜೋಡಿಯ 4 ಅಂಕಗಳ ಬೆಲೆಯೂ ಕುಗ್ಗುತ್ತದೆ. ಒಂದು ಮನೆಯ ತುರುಫಿನ ನಿಯಮವನ್ನೂ ಇನ್ನೊಂದರ ಜೋಡಿಯ ಲೆಕ್ಕವನ್ನೂ ಬೆಸೆದು ಬರೆದ ಪಾಠವನ್ನು ಯಾವ ಜಗಲಿಯಲ್ಲಿಯೂ ಯಾರೂ ಆಡಿರುವುದಿಲ್ಲ.