ಹೃದಯದೊಳಗೆ ಹುಳುವಿನ ಗುಳ್ಳೆ

ಹೈಡಾಟಿಡ್ ರೋಗಕ್ಕೆ ಕಾರಣ ಎಕಿನೊಕಾಕಸ್ ಎಂಬ ಲಾಡಿಹುಳು. ಉದ್ದ ಕೆಲವೇ ಮಿಲಿಮೀಟರ್, ವಾಸ ನಾಯಿಯ ಕರುಳು. ನಾಯಿ ಮಾತ್ರ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ. ಮೊಟ್ಟೆಗಳು ಅದರ ಮಲದೊಂದಿಗೆ ಮಣ್ಣಿಗೆ, ಸೊಪ್ಪಿಗೆ ಸೇರಿ, ಅಲ್ಲಿಂದ ಕುರಿಯ ಹೊಟ್ಟೆಗೋ ಮನುಷ್ಯನ ಹೊಟ್ಟೆಗೋ ಹೋಗುತ್ತವೆ.

ಮರಿಹುಳು ಕರುಳು ಕೊರೆದು ರಕ್ತಕ್ಕಿಳಿಯುತ್ತದೆ. ಹೆಚ್ಚಿನವು ಲಿವರ್‌ನಲ್ಲಿ, ಕೆಲವು ಶ್ವಾಸಕೋಶದಲ್ಲಿ ನಿಂತು ನೀರು ತುಂಬಿದ ಗುಳ್ಳೆಗಳಾಗುತ್ತವೆ. ಹೃದಯದಲ್ಲಿ ಗುಳ್ಳೆ ಕಾಣುವುದು ನೂರು ರೋಗಿಗಳಲ್ಲಿ ಹೆಚ್ಚೆಂದರೆ ಇಬ್ಬರಲ್ಲಿ. ಅದೂ ಬಹುತೇಕ ಎಡ ಹೃತ್ಕುಕ್ಷಿಯ ಗೋಡೆಯಲ್ಲಿ, ಅಲ್ಲಿ ರಕ್ತದ ಹರಿವು ಜಾಸ್ತಿ.

ವರ್ಷಗಟ್ಟಲೆ ಯಾವ ಸುಳಿವೂ ಇರುವುದಿಲ್ಲ. ಬೆಳೆದ ಗುಳ್ಳೆ ರಕ್ತನಾಳವನ್ನು ಒತ್ತಿದರೆ ಎದೆನೋವು. ಇಸಿಜಿ ನೋಡಿದರೆ ಹೃದಯಾಘಾತವೇ ಅನ್ನಿಸಬಹುದು. ವಿದ್ಯುತ್ ಸಂಕೇತದ ದಾರಿಯನ್ನು ಒತ್ತಿದರೆ ಬಡಿತ ತಪ್ಪುತ್ತದೆ. ಕವಾಟಕ್ಕೆ ಅಡ್ಡ ಬಂದರೆ ಏದುಸಿರು.

ಗುಳ್ಳೆ ಒಡೆದಾಗಲೇ ನಿಜವಾದ ಗಂಡಾಂತರ. ಎಡಭಾಗದ ಚೂರು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು, ಬಲಭಾಗದ್ದು ಶ್ವಾಸಕೋಶದ ನಾಳ ಕಟ್ಟಬಹುದು. ಒಳಗಿನ ನೀರು ರಕ್ತಕ್ಕೆ ಬೆರೆತರೆ ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿದು ಹಠಾತ್ ಸಾವೂ ಆಗಬಹುದು.

ಪತ್ತೆಗೆ ಎಕೋ ಸ್ಕ್ಯಾನ್ ಮುಖ್ಯ. ಸಾಮಾನ್ಯವಾಗಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ, ಒಳಗಿನ ನೀರು ಚೆಲ್ಲದಂತೆ ಗುಳ್ಳೆ ತೆಗೆದು, ಆಲ್ಬೆಂಡಜೋಲ್ ಮಾತ್ರೆ ಮುಂದುವರಿಸುತ್ತಾರೆ. ಒಡೆಯುವ ಮೊದಲೇ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು.

ಊರಿನ ಬಡಾವಣೆಗಳಲ್ಲಿ ಹುಳುವಿನ ದಾರಿ ಕಡಿಯಲು ಮಟನ್ ಅಂಗಡಿಯೇ ಸರಿಯಾದ ಜಾಗ. ಗುಳ್ಳೆಯಿರುವ ಹಸಿ ಲಿವರ್ ಬೀದಿನಾಯಿಯ ಬಾಯಿಗೆ ಬಿದ್ದರೆ, ಪ್ರೀತಿಯಿಂದ ಹಾಕಿದ್ದಾದರೂ ಸರಿ, ಹುಳು ಮತ್ತೆ ಹುಟ್ಟುತ್ತದೆ. ಸಾಕುನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ, ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆತ, ಚೆನ್ನಾಗಿ ತೊಳೆದ ಸೊಪ್ಪು ಮನೆಮಟ್ಟದ ತಡೆ.